ಐದು ದಿನದ ಕೈಜೆನ್ ಕಾರ್ಯಾಗಾರ: ಭೋಸರಿಯ ಪ್ರೆಸ್ ಶಾಪಿಗೆ ಸಲಹೆ ಬೇಕು

ಭೋಸರಿ ಪ್ರೆಸ್‌ಶಾಪ್
ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರ ಕಡೆಯವನು. ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಪ್ರೆಸ್ ಶಾಪಿನಲ್ಲಿ ಪ್ರೊಡಕ್ಷನ್ ನೋಡಿಕೊಳ್ಳುತ್ತೇನೆ. ಗಾಡಿಗಳಿಗೆ ಬ್ರಾಕೆಟ್, ಕ್ಲಾಂಪ್, ಇಂಥ ಶೀಟ್ ಮೆಟಲ್ ಮಾಲು ನಮ್ಮದು. ಗಿರಾಕಿ ಕಂಪನಿಯವರು ಬಂದು ನೋಡಿ, ಒಂದು ಕೈಜೆನ್ (ಕೆಲಸದ ಪದ್ಧತಿ ಸುಧಾರಿಸುವ ಜಪಾನಿ ವಿಧಾನ) ಕಾರ್ಯಾಗಾರ ಮಾಡಿ ಫಲಿತಾಂಶ ತೋರಿಸಿ ಅಂತ ಹೇಳಿ ಹೋಗಿದ್ದಾರೆ. ಮಾಲೀಕರು ಅದನ್ನು ನನ್ನ ಕೊರಳಿಗೆ ಕಟ್ಟಿದ್ದಾರೆ.

ನಮ್ಮ ದೊಡ್ಡ ಪ್ರೆಸ್ಸಿನಲ್ಲಿ ಡೈ (ತಗಡನ್ನು ಒತ್ತಿ ಆಕಾರ ಕೊಡುವ ಅಚ್ಚು) ಬದಲಿಸಲು ಸುಮಾರು ಒಂದೂವರೆ ಗಂಟೆ ಹಿಡಿಯುತ್ತದೆ. ಅದನ್ನೇ ವಿಷಯ ಮಾಡಿಕೊಳ್ಳೋಣ ಅಂತಿದ್ದೇನೆ. ಎಲ್ಲ ಕಡೆ ಸೋಮವಾರದಿಂದ ಶುಕ್ರವಾರ ಅಂತ ಬರೆದಿರುತ್ತಾರೆ. ಒಂದು ದಿನ ಪಾಠ, ಒಂದು ದಿನ ಈಗಿನ ಪರಿಸ್ಥಿತಿ ನೋಡುವುದು, ಆಮೇಲೆ ಬದಲಾವಣೆ, ಓಡಿಸಿ ನೋಡುವುದು, ಕೊನೆಯ ದಿನ ಎಲ್ಲರ ಮುಂದೆ ತೋರಿಸುವುದು. ಆದರೆ ನಮ್ಮಲ್ಲಿ ಗುರುವಾರ ರಜೆ. ಯಾರನ್ನು ಸೇರಿಸಬೇಕು, ಎಲ್ಲಿ ಎಡವುತ್ತಾರೆ, ಅನುಭವ ಇರುವವರು ದಯವಿಟ್ಟು ಹೇಳಿ.

ನಿಗಡಿ ಟೂಲ್‌ರೂಮ್
ಮೊದಲು ದಿನದ ಲೆಕ್ಕ ಮುಗಿಸೋಣ. ಗುರುವಾರ ರಜೆ ಇರುವುದು ನಿಮಗೆ ಅನುಕೂಲವೇ. ಶುಕ್ರವಾರ ಶುರು ಮಾಡಿ, ಮಂಗಳವಾರ ಮುಗಿಸಿ. ಬುಧವಾರ ಮಾಮೂಲಿ ಪ್ರೊಡಕ್ಷನ್ ಒತ್ತಡದಲ್ಲಿ ಹೊಸ ಪದ್ಧತಿ ನಿಲ್ಲುತ್ತದೋ ಬೀಳುತ್ತದೋ ಗೊತ್ತಾಗುತ್ತದೆ. ಗುರುವಾರ ಮಷಿನ್ ನಿಂತಿರುತ್ತದೆ, ನೆಲಕ್ಕೆ ಹಳದಿ ಪಟ್ಟಿ ಬಳಿದರೆ ಒಣಗುತ್ತದೆ. ನಡೆಯುತ್ತಿರುವ ಶಾಪಿನಲ್ಲಿ ಬಣ್ಣ ಬಳಿದು, ಅದರ ಮೇಲೆ ಟ್ರಾಲಿ ಓಡಿಸಿ, ಸ್ಟೋರ್ಸ್ ಬಾಗಿಲ ತನಕ ಹಳದಿ ಚಕ್ರದ ಗುರುತು ಮಾಡಿಕೊಂಡವರನ್ನು ನೋಡಿದ್ದೇನೆ.

ವಿಷಯ ಸರಿಯಾಗಿ ಆರಿಸಿದ್ದೀರಿ. ಡೈ ಬದಲಾವಣೆಗೆ ಒಂದು ಶುರು ಇದೆ, ಒಂದು ಕೊನೆ ಇದೆ, ಗಡಿಯಾರ ಹಿಡಿದು ಅಳೆಯಬಹುದು. "ಗುಣಮಟ್ಟ ಹೆಚ್ಚಿಸೋಣ" ಅಂತ ವಿಷಯ ಇಟ್ಟುಕೊಂಡವರು ಐದು ದಿನವೂ ಚಹಾ ಕುಡಿದು ಎದ್ದು ಹೋಗುತ್ತಾರೆ.

ಈ ದಾರಿ ತೋರಿಸಿದವರು ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ. 1950ರಲ್ಲಿ ಹಿರೋಶಿಮಾದ ಮಜ್ದಾ ಕಾರ್ಖಾನೆಯಲ್ಲಿ ದೊಡ್ಡ ಪ್ರೆಸ್ ಯಾಕೆ ಸುಮ್ನೆ ನಿಲ್ಲುತ್ತದೆ ಅಂತ ಅವರು ನೋಡುತ್ತಿದ್ದರು. ಡೈ ಕಟ್ಟುವವನಿಗೆ ಒಂದು ಬೋಲ್ಟ್ ಸಿಗಲಿಲ್ಲ. ಅದನ್ನು ಹುಡುಕುತ್ತಾ ಅಲೆದಾಡಿ, ಕೊನೆಗೆ ಪಕ್ಕದ ಮಷಿನ್‌ನ ಉದ್ದ ಬೋಲ್ಟ್ ತಂದು ಕತ್ತರಿಸಿ ಹಾಕಿದ. ಅಲ್ಲಿಂದ ಹುಟ್ಟಿದ್ದು ಈ ವಿಂಗಡಣೆ: ಮಷಿನ್ ನಿಂತಾಗ ಮಾತ್ರ ಆಗುವ ಕೆಲಸ ಯಾವುದು, ಓಡುತ್ತಿರುವಾಗಲೇ ಮಾಡಿಡಬಹುದಾದ ಕೆಲಸ ಯಾವುದು. 1969ರಲ್ಲಿ ಟೊಯೋಟಾದ 1,000 ಟನ್ ಪ್ರೆಸ್ಸಿನಲ್ಲಿ 4 ಗಂಟೆಯ ಬದಲಾವಣೆಯನ್ನು ಅವರ ತಂಡ ಮೊದಲು 90 ನಿಮಿಷಕ್ಕೆ, ಆಮೇಲೆ 3 ನಿಮಿಷಕ್ಕೆ ತಂದಿತು. ಗಮನಿಸಿ, ಅದು ತಿಂಗಳುಗಟ್ಟಲೆ ನಡೆದ ಕೆಲಸ. ಐದು ದಿನದಲ್ಲಿ 3 ನಿಮಿಷ ಅಂತ ಯಾರಾದರೂ ಕನ್ಸಲ್ಟಂಟ್ ಹೇಳಿದರೆ ಚಹಾ ಕೊಟ್ಟು ಕಳಿಸಿ.

ನಿಮ್ಮ ಶಾಪಿನಲ್ಲಿ ಏನು ಸಿಗಬಹುದು ಅಂತ ನೋಡದೆಯೇ ಹೇಳುತ್ತೇನೆ. ಸ್ಪ್ಯಾನರ್ ಹುಡುಕುವುದು, ಟೀ ಬೋಲ್ಟ್ ಹುಡುಕುವುದು, ಕ್ರೇನಿಗೆ ಕಾಯುವುದು, ಕ್ಲಾಂಪಿನ ಕೆಳಗೆ ಕೊಡಲು ಪ್ಯಾಕಿಂಗ್ ತುಂಡು ಹುಡುಕುವುದು, ಮೊದಲ ಪೀಸ್ ಚೆಕ್ ಮಾಡಲು ಕ್ವಾಲಿಟಿಯವರಿಗೆ ಕಾಯುವುದು. ನಿಜವಾಗಿ ಡೈ ಬಿಚ್ಚಿ ಕಟ್ಟುವುದು ಇದರಲ್ಲಿ ಒಂದು ಪಾಲು ಅಷ್ಟೇ. ಹುಡುಕುವುದು, ಕಾಯುವುದು ಇವಕ್ಕೆ ಐದು ದಿನ ಸಾಕು. ಡೈಗಳ ಎತ್ತರ ಒಂದೇ ಮಾಡುವುದು, ಎಲ್ಲ ಡೈಗೂ ಒಂದೇ ದಪ್ಪದ ಕ್ಲಾಂಪಿಂಗ್ ಅಂಚು ಕೊಡುವುದು ಟೂಲ್ ರೂಮಿನ (ಡೈ ತಯಾರಿಸಿ ರಿಪೇರಿ ಮಾಡುವ ವಿಭಾಗ) ಕೆಲಸ. ಅದು ಐದು ದಿನದಲ್ಲಿ ಆಗುವುದಿಲ್ಲ. ಪಟ್ಟಿ ಮಾಡಿ, ಎರಡು ಡೈಗೆ ಮಾಡಿ ತೋರಿಸಿ, ಉಳಿದದ್ದಕ್ಕೆ ತಾರೀಖು ಹಾಕಿ.

ಚಾಕಣ ಸಪ್ಲೈಯರ್ ಕ್ವಾಲಿಟಿ
ನಿಮ್ಮಂಥ ವೆಂಡರ್‌ಗಳ ಹತ್ತಿರ ಬಂದು "ಕಾರ್ಯಾಗಾರ ಮಾಡಿ" ಅಂತ ಹೇಳಿ ಹೋಗುವವರ ಪೈಕಿ ನಾನೂ ಒಬ್ಬ. ಬೈಯಬೇಡಿ.

ಐದು ದಿನದ ಈ ರೂಪ ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ಒಳ್ಳೆಯದು. ಟೊಯೋಟಾದಲ್ಲಿ ಸುಧಾರಣೆ ದಿನನಿತ್ಯದ ಕೆಲಸ. ಅದರ ಜೊತೆಗೆ ಅಲ್ಲಿನ ಹಿರಿಯ ಅಧಿಕಾರಿ ತೈಇಚಿ ಓನೊ 1970ರ ದಶಕದಲ್ಲಿ ಬಿಡಿಭಾಗ ಪೂರೈಸುವ ಕಂಪನಿಗಳನ್ನು ಸೇರಿಸಿ ಜಿಶುಕೆನ್ ಅಂತ ಅಭ್ಯಾಸ ಗುಂಪುಗಳನ್ನು ನಡೆಸಿದರು. ಒಬ್ಬರ ಕಾರ್ಖಾನೆಗೆ ಉಳಿದವರು ಹೋಗಿ, ಶಾಪಿನಲ್ಲೇ ನಿಂತು ಕಲಿಯುವುದು. ಓನೊ ಕೈಕೆಳಗೆ ಪಳಗಿದವರು 1987ರಲ್ಲಿ ಶಿಂಗಿಜುತ್ಸು ಎಂಬ ಸಲಹಾ ಸಂಸ್ಥೆ ಕಟ್ಟಿದರು. ಅವರು ಅಮೆರಿಕದ ಕಾರ್ಖಾನೆಗಳಿಗೆ ಹೋದಾಗ ಇದ್ದ ಸಮಯವೇ ಒಂದು ವಾರ. ಮಷಿನ್ ಅವತ್ತೇ ಜರುಗಿಸಿ ಅನ್ನುವ ಅವಸರ ಅಲ್ಲಿಂದ ಬಂದದ್ದು. ಅಮೆರಿಕದವರು ಅದಕ್ಕೆ ಕೈಜೆನ್ ಬ್ಲಿಟ್ಜ್ ಅಂತ ಹೆಸರಿಟ್ಟರು. ನಮ್ಮ ಕಡೆ ಬರುವಷ್ಟರಲ್ಲಿ ಪಾಠ ಜಾಸ್ತಿಯಾಯಿತು, ಮಷಿನ್ ಜರುಗಿಸುವುದು ಕಡಿಮೆಯಾಯಿತು.

ನಾನು ನೋಡಿದ ಹೆಚ್ಚಿನ ಕಡೆ ಮೊದಲ ಒಂದೂವರೆ ದಿನ ಸ್ಲೈಡ್. ಎಲ್ಲ ಇಂಗ್ಲಿಷ್. ಎದುರಿಗೆ ಕೂತ ಆಪರೇಟರ್‌ಗಳು ಲಾತೂರಿನವರು, ಕಲಬುರಗಿಯವರು, ಬಿಹಾರದವರು. ಪಾಠ ಎರಡು ಗಂಟೆ ಸಾಕು. ಉಳಿದದ್ದನ್ನು ಪ್ರೆಸ್ಸಿನ ಮುಂದೆ ನಿಂತೇ ಹೇಳಿ.

ಆಕುರ್ಡಿ ಯೂನಿಯನ್
ಎಲ್ಲರೂ ಬೋಲ್ಟ್ ಬಗ್ಗೆ ಮಾತಾಡುತ್ತಿದ್ದೀರಿ. ನಾನು ಬೇರೆ ಕೇಳುತ್ತೇನೆ. ಒಂದೂವರೆ ಗಂಟೆಯ ಕೆಲಸ ಅರ್ಧ ಗಂಟೆಗೆ ಇಳಿಯಿತು ಅಂತಿಟ್ಟುಕೊಳ್ಳಿ. ಉಳಿದ ಒಂದು ಗಂಟೆ ಯಾರದು?

ಒಂದು ಕಡೆ ನಡೆದದ್ದು ಹೇಳುತ್ತೇನೆ, ಕಂಪನಿಯ ಹೆಸರು ಬೇಡ. ಕಾರ್ಯಾಗಾರ ಚೆನ್ನಾಗಿ ನಡೆಯಿತು. ಹೆಲ್ಪರ್ ಹುಡುಗರೇ ಒಳ್ಳೆಯ ಉಪಾಯ ಕೊಟ್ಟರು. ಫೋಟೊ ತೆಗೆದರು, ಪೇಡೆ ಹಂಚಿದರು. ಮುಂದಿನ ವಾರ ಕಂತ್ರಾಟುದಾರನಿಗೆ ಫೋನ್ ಹೋಯಿತು: ನಾಲ್ವರ ಬದಲು ಮೂವರನ್ನು ಕಳಿಸು. ಮನೆಗೆ ಹೋದವನು ಉಪಾಯ ಕೊಟ್ಟ ಹುಡುಗನೇ. ಆಮೇಲೆ ಆ ಶಾಪಿನಲ್ಲಿ ಯಾವ ಕಾರ್ಯಾಗಾರಕ್ಕೂ ಯಾರೂ ಬಾಯಿ ಬಿಡಲಿಲ್ಲ.

ಕಾಯಂ ಕಾರ್ಮಿಕರಿಗಾದರೆ ಒಂದಿಷ್ಟು ರಕ್ಷಣೆ ಇದೆ. 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಮಿನಂತೆ, ಜನ ಕಡಿಮೆಯಾಗುವಂಥ ಬದಲಾವಣೆಗೆ 21 ದಿನದ ನೋಟಿಸ್ ಕೊಡಬೇಕಿತ್ತು. 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ 21 ದಿನದ ನೋಟಿಸ್ ಇದೆ. ಕಂತ್ರಾಟು ಹುಡುಗನಿಗೆ ಒಂದು ಫೋನ್ ಸಾಕು. ನಿಮ್ಮ ಶಾಪಿನಲ್ಲಿ ಡೈ ಎತ್ತುವವರು ಕಾಯಂ ಇದ್ದಾರಾ, ಕಂತ್ರಾಟಾ?

ಭೋಸರಿ ಪ್ರೆಸ್‌ಶಾಪ್
ಆಪರೇಟರ್ ಕಾಯಂ. ಹೆಲ್ಪರ್ ಇಬ್ಬರೂ ಕಂತ್ರಾಟು. ನೀವು ಕೇಳಿದ್ದು ನನ್ನ ತಲೆಗೆ ಬಂದಿರಲಿಲ್ಲ ಅಣ್ಣ. ಮಾಲೀಕರು ಈ ಬಗ್ಗೆ ಏನೂ ಹೇಳಿಲ್ಲ.

ಆಕುರ್ಡಿ ಯೂನಿಯನ್
ಹೇಳಿಲ್ಲ ಅಂದರೆ ಅವರಿಗೂ ಇನ್ನೂ ತಲೆಗೆ ಬಂದಿಲ್ಲ ಅಂತ. ಬರುವ ಮುಂಚೆ ಕೇಳಿಕೊಳ್ಳಿ. ಬಾಯಿಮಾತು ಬೇಡ, ಬೋರ್ಡಿನ ಮೇಲೆ ಬರೆಸಿ.

ನಿಗಡಿ ಟೂಲ್‌ರೂಮ್
ಯೂನಿಯನ್ ಅಣ್ಣನ ಪ್ರಶ್ನೆಯೇ ಮೊದಲ ಪ್ರಶ್ನೆ. ನಾನು ಅದನ್ನು ಲೆಕ್ಕದಲ್ಲಿ ಹೇಳುತ್ತೇನೆ, ಮಾಲೀಕರಿಗೆ ಅದೇ ಅರ್ಥವಾಗುವುದು.

ಶಿಫ್ಟ್ 480 ನಿಮಿಷ. ಊಟ, ಚಹಾ ಕಳೆದರೆ 430. ದಿನಕ್ಕೆ ಎರಡು ಸಲ ಡೈ ಬದಲಿಸಿದರೆ 180 ನಿಮಿಷ ಹೋಯಿತು, ಉತ್ಪಾದನೆಗೆ 250. ಈಗ ಬದಲಾವಣೆ 30 ನಿಮಿಷಕ್ಕೆ ಬಂತು ಅಂದುಕೊಳ್ಳಿ. ದಾರಿ ಮೂರಿವೆ. ಒಂದು, ಎರಡೇ ಸಲ ಬದಲಿಸಿ, ಉಳಿದ 120 ನಿಮಿಷ ಮಾಲು ಹೊಡೆಯುವುದು. ಆರ್ಡರ್ ಇದ್ದರೆ ಸರಿ. ಇಲ್ಲದಿದ್ದರೆ ಬಿನ್ ತುಂಬುತ್ತದೆ, ಜಾಗ ತುಂಬುತ್ತದೆ, ಹಣ ಕಬ್ಬಿಣವಾಗಿ ಕೂರುತ್ತದೆ. ಎರಡು, ಒಬ್ಬನನ್ನು ತೆಗೆಯುವುದು. ಅದರ ಫಲ ಅಣ್ಣ ಹೇಳಿದರು. ಮೂರು, ಅದೇ 180 ನಿಮಿಷದಲ್ಲಿ ಆರು ಸಲ ಡೈ ಬದಲಿಸುವುದು. ಆಗ ಒಂದೊಂದು ಲಾಟ್ (ಒಂದು ಸಲಕ್ಕೆ ಹೊಡೆಯುವ ಮಾಲು) ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಗೋಡೆ ಬದಿ ಪೇರಿಸಿದ ಬಿನ್ ಕಡಿಮೆಯಾಗುತ್ತವೆ. ಡೈ ಕೆಟ್ಟು ಬರ್ (ಅಂಚಿನ ಮುಳ್ಳು) ಬಂದಿದ್ದರೆ ಐದು ಸಾವಿರ ಪೀಸ್ ಆದ ಮೇಲೆ ಗೊತ್ತಾಗುವ ಬದಲು ಬೇಗ ಗೊತ್ತಾಗುತ್ತದೆ. ಗಿರಾಕಿ ಕಂಪನಿಯಿಂದ ಅರ್ಜೆಂಟ್ ಫೋನ್ ಬಂದರೆ ಶಾಪು ತಲೆಕೆಳಗಾಗುವುದಿಲ್ಲ.

ಮೂರನೇ ದಾರಿಗೆ ಅದೇ ಜನ ಬೇಕು, ಇನ್ನೂ ನುರಿತವರಾಗಿ ಬೇಕು. ದಿನಕ್ಕೆ ಆರು ಬದಲಾವಣೆ ಇರುವ ಶಾಪಿನಲ್ಲಿ ಹೆಲ್ಪರ್‌ನನ್ನು ಕಳಿಸಿದರೆ ಮಾಲೀಕರೇ ಸ್ಪ್ಯಾನರ್ ಹಿಡಿಯಬೇಕಾಗುತ್ತದೆ. ಈ ಲೆಕ್ಕ ಒಂದು ಹಾಳೆಯಲ್ಲಿ ಬರೆದು ಮಾಲೀಕರ ಮುಂದೆ ಇಡಿ. ಕಾರ್ಯಾಗಾರದ ತಾರೀಖು ಆಮೇಲೆ.

ಹಿಂಜವಡಿ ಟೆಸ್ಟರ್
ನಮ್ಮ ಐಟಿಯಲ್ಲೂ ಇದೇ ಥರ ಇದೆ. ಡಿಸೈನ್ ಸ್ಪ್ರಿಂಟ್ ಅಂತ, ಗೂಗಲ್ ವೆಂಚರ್ಸ್‌ನವರು ಬೆಳೆಸಿದ್ದು. ಅದೂ ಐದು ದಿನವೇ. ಐದನೇ ದಿನ ಮಾದರಿಯನ್ನು ನಿಜವಾದ ಬಳಕೆದಾರರ ಮುಂದೆ ಇಟ್ಟು ನೋಡುತ್ತಾರೆ. ನಮ್ಮಲ್ಲಿ ಉಳಿಯುವುದು ಮಾತ್ರ ಗೋಡೆ ತುಂಬ ಬಣ್ಣದ ಚೀಟಿ. ನಿಮ್ಮಲ್ಲಿ ಬದಲಾವಣೆ ಕಣ್ಣಿಗೆ ಕಾಣುತ್ತದಲ್ಲ, ಅಸೂಯೆಯಾಗುತ್ತದೆ.

ನಿಗಡಿ ಟೂಲ್‌ರೂಮ್
ಚೀಟಿ ಬಿದ್ದರೆ ಕಾಲು ಮುರಿಯುವುದಿಲ್ಲ ತಮ್ಮಾ. ಡೈ ಬಿದ್ದರೆ ಮುರಿಯುತ್ತದೆ. ಅಸೂಯೆ ಪಡಬೇಡಿ.

ವೆರ್ಣಾ ಕ್ಯೂಎ
ಗೋವಾದಿಂದ ಬರೆಯುತ್ತಿದ್ದೇನೆ. ಔಷಧ ಕಂಪನಿಯಲ್ಲಿ ಕೆಲಸ. "ಅವತ್ತೇ ಜರುಗಿಸಿ" ಅನ್ನುವ ಮಾತು ಕೇಳಿದರೆ ನಮಗೆ ಎದೆ ಝಲ್ಲೆನ್ನುತ್ತದೆ. ನಮ್ಮಲ್ಲಿ ಔಷಧ ತಯಾರಿಕೆಯ ಶೆಡ್ಯೂಲ್ ಎಂ ನಿಯಮಗಳಿವೆ. ಪದ್ಧತಿ ಬದಲಿಸಬೇಕಾದರೆ ಬದಲಾವಣೆಯ ಫೈಲ್ ತೆರೆಯಬೇಕು, ಅದರಿಂದ ಗುಣಮಟ್ಟಕ್ಕೆ ಏನಾಗುತ್ತದೆ ಅಂತ ಬರೆಯಬೇಕು, ಎಸ್‌ಒಪಿ (ಕೆಲಸದ ಲಿಖಿತ ವಿಧಾನ) ತಿದ್ದಬೇಕು, ಜನರಿಗೆ ತರಬೇತಿ ಕೊಟ್ಟು ಸಹಿ ಪಡೆಯಬೇಕು. ಉತ್ಸಾಹದಲ್ಲಿ ಯಾರೋ ಒಂದು ಟೇಬಲ್ ಜರುಗಿಸಿದರೂ ಆಡಿಟ್‌ನಲ್ಲಿ ಉತ್ತರ ಕೊಡಬೇಕು.

ಹಾಗಂತ ನಾವು ಸುಮ್ನೆ ಕೂತಿಲ್ಲ. ಪ್ಯಾಕಿಂಗ್ ಲೈನಿನಲ್ಲಿ ಒಂದು ಮಾತ್ರೆಯಿಂದ ಇನ್ನೊಂದಕ್ಕೆ ಬದಲಿಸುವುದನ್ನೇ ತೆಗೆದುಕೊಂಡೆವು. ಹಳೆಯ ಮಾತ್ರೆ, ಹಳೆಯ ಫಾಯಿಲ್ ಒಂದೂ ಉಳಿದಿಲ್ಲ ಅಂತ ಖಾತ್ರಿ ಮಾಡಿ, ಬ್ಯಾಚ್ ನಂಬರ್ ಮುದ್ರೆ ಬದಲಿಸಿ, ಕ್ಯೂಎ (ಗುಣಮಟ್ಟ ಖಾತ್ರಿ ವಿಭಾಗ) ಸಹಿ ಆದ ಮೇಲೆ ಲೈನ್ ಶುರು. ಪರಿಶೀಲನೆ ಕಡಿಮೆ ಮಾಡುವ ಹಾಗಿಲ್ಲ. ಆದರೆ ಲೈನ್ ನಿಂತ ಮೇಲೆ ಕ್ಯೂಎಗೆ ಫೋನ್ ಮಾಡಿ ಕಾಯುವುದನ್ನು ನಿಲ್ಲಿಸಬಹುದು. ಬದಲಾವಣೆಯ ಸಮಯ ಬೆಳಗ್ಗೆಯೇ ಬರೆದಿಟ್ಟರೆ ನಾವೇ ಹೋಗಿ ನಿಂತಿರುತ್ತೇವೆ. ಐದು ದಿನದಲ್ಲಿ ನಾವು ಬದಲಿಸಿದ್ದು ಇಂಥವು ಮಾತ್ರ. ಉಳಿದದ್ದನ್ನು ರಟ್ಟಿನ ಡಬ್ಬ ಇಟ್ಟು ಬೇರೆ ಕೋಣೆಯಲ್ಲಿ ಆಡಿ ನೋಡಿದೆವು. ಕೊನೆಯ ದಿನ ನಮ್ಮ ಕೈಲಿ ಇದ್ದದ್ದು ತುಂಬಿದ ಅರ್ಜಿಗಳು. ನೋಡುವವರಿಗೆ ಸಪ್ಪೆ ಅನ್ನಿಸಿತು. ನನಗೆ ಮಾತ್ರ ಅದೇ ಸರಿ ಅನ್ನಿಸುತ್ತದೆ.

ಪ್ರೆಸ್ ಶಾಪ್ ಸರ್, ನಿಮ್ಮ ಗಿರಾಕಿಯ ಜೊತೆ ಮಾಡಿಕೊಂಡ ಕರಾರು ನೋಡಿ. ಗಾಡಿ ಬಿಡಿಭಾಗಗಳಲ್ಲೂ ಕೆಲವು ಬದಲಾವಣೆಗೆ ಮೊದಲೇ ಗಿರಾಕಿಯ ಒಪ್ಪಿಗೆ ಬೇಕಾಗುತ್ತದೆ.

ಚಾಕಣ ಸಪ್ಲೈಯರ್ ಕ್ವಾಲಿಟಿ
ಮೇಡಂ ಹೇಳಿದ್ದು ನಿಜ. ಸ್ಪ್ಯಾನರ್ ಇಡುವ ಜಾಗ ಬದಲಿಸಿದರೆ ನಾವು ಕೇಳುವುದಿಲ್ಲ. ಡೈ ಅಥವಾ ಪ್ರೆಸ್ ಬದಲಿಸಿದರೆ, ಪ್ರಕ್ರಿಯೆಯ ಕ್ರಮ ಬದಲಿಸಿದರೆ ತಿಳಿಸಲೇಬೇಕು.

ಮಾಟುಂಗ ಆಸ್ಪತ್ರೆ ಅಕ್ಕ
ನಾನು ಮುಂಬೈಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಡಳಿತ ವಿಭಾಗದಲ್ಲಿದ್ದೇನೆ. ನಮಗೆ ಡೈ ಇಲ್ಲ, ಡಿಸ್ಚಾರ್ಜ್ ಇದೆ. ಡಾಕ್ಟರ್ ಬೆಳಗ್ಗೆ "ಮನೆಗೆ ಹೋಗಬಹುದು" ಅಂದರೂ ರೋಗಿ ಹೊರಡುವಾಗ ಸಂಜೆ. ಮನೆಯವರು ಚೀಲ ಕಟ್ಟಿಕೊಂಡು ಕೂತಿರುತ್ತಾರೆ, ಕೆಳಗೆ ಇನ್ನೊಬ್ಬ ರೋಗಿ ಹಾಸಿಗೆಗೆ ಕಾಯುತ್ತಿರುತ್ತಾರೆ.

ಕಾರ್ಯಾಗಾರದಲ್ಲಿ ಒಂದೇ ಕೆಲಸ ಮಾಡಿದೆವು. ಒಂದು ಫೈಲ್ ಹಿಂದೆ ಹೋದೆವು. ಅದು ಎಲ್ಲಿ ಕೂರುತ್ತದೆ, ಯಾರಿಗಾಗಿ ಕೂರುತ್ತದೆ ಅಂತ ಬರೆದೆವು. ಎಲ್ಲರೂ ಇನ್ಶೂರೆನ್ಸ್‌ನವರನ್ನೇ ಬೈಯುತ್ತಿದ್ದರು. ವಿಮಾ ನಿಯಂತ್ರಕ ಐಆರ್‌ಡಿಎಐ 2024ರಲ್ಲೇ ನಿಯಮ ಮಾಡಿದೆ, ಆಸ್ಪತ್ರೆಯಿಂದ ಕೋರಿಕೆ ಬಂದ ಮೂರು ಗಂಟೆಯೊಳಗೆ ಕೊನೆಯ ಒಪ್ಪಿಗೆ ಕೊಡಬೇಕು. ಆದರೆ ಆ ಮೂರು ಗಂಟೆ ಶುರುವಾಗುವುದು ನಾವು ಕಾಗದ ಕಳಿಸಿದ ಮೇಲೆ ಅಲ್ವಾ? ನಮ್ಮ ಕಾಗದ ಹೊರಡುವಷ್ಟರಲ್ಲೇ ಮಧ್ಯಾಹ್ನ. ಬಳಸದ ಔಷಧ ವಾರ್ಡಿನಿಂದ ಫಾರ್ಮಸಿಗೆ ವಾಪಸ್ ಹೋಗದೆ ಬಿಲ್ ಮುಗಿಯುವುದಿಲ್ಲ. ಅದನ್ನು ಹಿಂದಿನ ಸಂಜೆಯೇ ಕಳಿಸಬಹುದಿತ್ತು. ಅಷ್ಟು ದಿನ ಇದು ಯಾರಿಗೂ ಕಂಡಿರಲಿಲ್ಲ. ಯಾಕೆಂದರೆ ನರ್ಸ್‌ಗೆ ಬಿಲ್ಲಿಂಗ್ ಗೊತ್ತಿಲ್ಲ, ಬಿಲ್ಲಿಂಗ್‌ನವರು ವಾರ್ಡಿಗೆ ಬಂದವರಲ್ಲ. ಅದನ್ನು ಹೇಳಿದವರು ವಾರ್ಡ್ ಬಾಯ್. ಫೈಲ್ ಹೊತ್ತು ಓಡಾಡುವವರು ಅವರೇ ತಾನೆ.

ಯೂನಿಯನ್ ಅಣ್ಣನ ಮಾತಿಗೆ ಒಂದು ಸೇರಿಸುತ್ತೇನೆ. ಸಿಯಾಟಲ್‌ನ ವರ್ಜೀನಿಯಾ ಮೇಸನ್ ಆಸ್ಪತ್ರೆಯ ಮುಖ್ಯಸ್ಥರು 2002ರಲ್ಲಿ ಜಪಾನಿಗೆ ಹೋಗಿ ಟೊಯೋಟಾ ಪದ್ಧತಿ ನೋಡಿ ಬಂದು, ಐದು ದಿನದ ಕಾರ್ಯಾಗಾರಗಳನ್ನು ಶುರು ಮಾಡಿದರು. ಇದರಿಂದ ಯಾರ ಕೆಲಸವೂ ಹೋಗುವುದಿಲ್ಲ ಅಂತ ಮೊದಲೇ ಮಾತು ಕೊಟ್ಟರು. 30, 60, 90 ದಿನಕ್ಕೆ ಮತ್ತೆ ಹೋಗಿ ಅಳೆಯುತ್ತಿದ್ದರು. ಐದನೇ ದಿನದ ಅಂಕಿ ಚೆನ್ನಾಗಿಯೇ ಇರುತ್ತದೆ, ಎಲ್ಲರೂ ನೋಡುತ್ತಿರುತ್ತಾರಲ್ಲ. ನಿಜ ಗೊತ್ತಾಗುವುದು 60ನೇ ದಿನ.

ಡೊಂಬಿವಲಿ ಅಕೌಂಟ್ಸ್
ಹಣದ ಬಗ್ಗೆ ಯಾರೂ ಹೇಳಲಿಲ್ಲ, ಹಾಗಾಗಿ ನಾನು. ತಂಡದ ಕೈಗೆ ಮೊದಲೇ ಒಂದಿಷ್ಟು ಪೆಟ್ಟಿ ಕ್ಯಾಶ್ ಕೊಡಿಸಿ. ಇಂಡೆಂಟ್ ಹಾಕಿ, ಮೂರು ಕೊಟೇಶನ್ ತರಿಸಿ, ಪರ್ಚೇಸ್ ಆರ್ಡರ್ ಮಾಡುವಷ್ಟರಲ್ಲಿ ನಿಮ್ಮ ಐದು ದಿನ ಮುಗಿದಿರುತ್ತದೆ. ಅಕೌಂಟ್ಸ್‌ನವರನ್ನು ಕೊನೆಯ ದಿನದ ಪ್ರದರ್ಶನಕ್ಕೆ ಕರೆಯಬೇಡಿ, ಮೊದಲ ದಿನವೇ ಕರೆಯಿರಿ. ಡೈ ಬದಲಿಸುವುದನ್ನು ಒಂದು ಸಲ ಕಣ್ಣಾರೆ ನೋಡಿದ ಮೇಲೆ ನಾನು ಬಿಲ್ಲಿಗೆ ಜಾಸ್ತಿ ಪ್ರಶ್ನೆ ಕೇಳುವುದಿಲ್ಲ.

ಭೋಸರಿ ಪ್ರೆಸ್‌ಶಾಪ್
ಮಾಲೀಕರ ಜೊತೆ ಕೂತೆ. ಟೂಲ್‌ರೂಮ್ ಸರ್ ಲೆಕ್ಕದ ಹಾಳೆ ಕೆಲಸ ಮಾಡಿತು. ಬಿನ್ ಕಡಿಮೆಯಾಗುತ್ತವೆ ಅಂದಾಗ ಎದ್ದು ಹೋಗಿ ಗೋಡೆ ಬದಿಯ ಸಾಲು ನೋಡಿ ಬಂದರು. ಕಾಯಂನವರನ್ನು ತೆಗೆಯುವುದಿಲ್ಲ ಅಂತ ಕೂಡಲೇ ಒಪ್ಪಿದರು. ಹೆಲ್ಪರ್ ಮಾತು ಬಂದಾಗ "ಅದು ಕಂತ್ರಾಟುದಾರನ ವಿಷಯ" ಅಂದರು. ನಾನು ಬಿಡಲಿಲ್ಲ. ಕೊನೆಗೆ ಆರು ತಿಂಗಳು ಇದೇ ಇಬ್ಬರು ಇರುತ್ತಾರೆ, ಬೋರ್ಡಿನ ಮೇಲೆ ಬರೆಯಿರಿ ಅಂದರು. ಪೆಟ್ಟಿ ಕ್ಯಾಶೂ ಕೊಡುತ್ತಾರೆ.

ತಂಡದಲ್ಲಿ ಆಪರೇಟರ್, ಇಬ್ಬರು ಹೆಲ್ಪರ್, ಟೂಲ್ ರೂಮ್, ಕ್ವಾಲಿಟಿ, ಸ್ಟೋರ್ಸ್ ಹುಡುಗ, ಮೆಂಟೆನೆನ್ಸ್, ಅಕೌಂಟ್ಸ್ ಮೇಡಂ. ಒಬ್ಬೊಬ್ಬರು. ಸರಿಯಾ?

ಆಕುರ್ಡಿ ಯೂನಿಯನ್
ಆರು ತಿಂಗಳು ಸಾಲದು. ಆದರೆ ಬರೆದದ್ದು ಬರೆದದ್ದೇ. ಸಹಿ ಹಾಕಿಸಿ.

ರಾತ್ರಿ ಶಿಫ್ಟಿನವರು ಯಾರೂ ಇಲ್ಲವಲ್ಲ ತಂಡದಲ್ಲಿ? ಹಗಲಿನವರು ಮಾಡಿದ ಪದ್ಧತಿ ರಾತ್ರಿ ಹನ್ನೊಂದಕ್ಕೆ ಸತ್ತುಹೋಗುತ್ತದೆ. ಒಬ್ಬ ಹೆಲ್ಪರ್ ರಾತ್ರಿಯವನಿರಲಿ. ಆ ಐದು ದಿನ ಅವನಿಗೆ ಹಗಲು ಡ್ಯೂಟಿ ಕೊಡಿ, ಓಟಿ ಕತ್ತರಿಸಬೇಡಿ. ವಿಡಿಯೊ ತೆಗೆಯುವ ಮುಂಚೆ ಕೇಳಿ ತೆಗೆಯಿರಿ. ಕೆಲಸ ನೋಡಲು ತೆಗೆದದ್ದು ನೋಟಿಸ್ ಕೊಡಲು ಬಳಕೆಯಾಗಬಾರದು.

ಮಾಟುಂಗ ಆಸ್ಪತ್ರೆ ಅಕ್ಕ
ಮಾಲೀಕರು ದಿನಾ ಸಂಜೆ ಅರ್ಧ ಗಂಟೆ ಬರುವುದಾಗಿ ಒಪ್ಪಿಸಿಕೊಳ್ಳಿ. ಜನರಲ್ ಎಲೆಕ್ಟ್ರಿಕ್‌ನಲ್ಲಿ ಜಾಕ್ ವೆಲ್ಚ್ ಕಾಲದಲ್ಲಿ ವರ್ಕ್ ಔಟ್ ಅಂತ ಸಭೆಗಳು ನಡೆಯುತ್ತಿದ್ದವು. ಕೆಲಸಗಾರರು ಸಲಹೆ ಹೇಳುತ್ತಾರೆ, ಬಾಸ್ ಎಲ್ಲರ ಎದುರಿಗೆ ಅಲ್ಲೇ ಹೌದು ಅಥವಾ ಇಲ್ಲ ಅನ್ನಬೇಕು. ಹೆಚ್ಚಿನ ಮಾಹಿತಿ ಬೇಕಿದ್ದರೆ ಯಾವ ತಾರೀಖಿಗೆ ಉತ್ತರ ಅಂತ ಹೇಳಬೇಕು. "ನೋಡೋಣ" ಅನ್ನುವ ಹಾಗಿಲ್ಲ.

ಡೊಂಬಿವಲಿ ಅಕೌಂಟ್ಸ್
"ನೋಡೋಣ" ಅನ್ನುವ ಹಾಗಿಲ್ಲದಿದ್ದರೆ ನಮ್ಮ ಆಫೀಸು ಒಂದೇ ದಿನದಲ್ಲಿ ಬಾಗಿಲು ಹಾಕುತ್ತದೆ.

ನಿಗಡಿ ಟೂಲ್‌ರೂಮ್
ತಂಡ ಚೆನ್ನಾಗಿದೆ. ಒಂದು ಎಚ್ಚರಿಕೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಗಡಿಯಾರ ಹಿಡಿದು ನಿಂತರೆ ಜನ ಅವಸರ ಮಾಡುತ್ತಾರೆ. ಪ್ರೆಸ್ಸಿನ ಮುಂದೆ ಅವಸರ ಅಂದರೆ ಬೆರಳು. ಡೈಯೊಳಗೆ ಕೈ ಹೋಗುವ ಮುಂಚೆ ಮೇನ್ ಸ್ವಿಚ್ ಆಫ್ ಆಗಿ ಬೀಗ ಬೀಳಬೇಕು, ಸೇಫ್ಟಿ ಬ್ಲಾಕ್ (ಪ್ರೆಸ್ಸಿನ ಮೇಲಿನ ಭಾಗ ಕೆಳಗೆ ಬೀಳದಂತೆ ತಡೆಯುವ ದಿಮ್ಮಿ) ಕೂರಬೇಕು, ಫ್ಲೈವ್ಹೀಲ್ ಪೂರ್ತಿ ನಿಲ್ಲಬೇಕು. ಈ ನಿಮಿಷಗಳನ್ನು ಉಳಿತಾಯದ ಪಟ್ಟಿಗೆ ಸೇರಿಸಲೇಬೇಡಿ. ನಾನಾದರೆ ಈ ಹೆಜ್ಜೆಗಳನ್ನು ಬೋರ್ಡಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು, "ಇದಕ್ಕೆ ಗಡಿಯಾರ ಇಲ್ಲ" ಅಂತ ಹಾಕಿಸುತ್ತೇನೆ. ಮೊದಲ ಪೀಸ್ ಹೊಡೆಯುವ ಮುಂಚೆ ಗಾರ್ಡ್, ಎರಡು ಕೈಯ ಬಟನ್ ಎರಡೂ ಚೆಕ್ ಆಗಬೇಕು.

ಇನ್ನು ತಯಾರಿ. ಶುಕ್ರವಾರಕ್ಕೆ ಮುಂಚೆ ಒಂದು ಬದಲಾವಣೆಯನ್ನು ಶುರುವಿಂದ ಕೊನೆಯವರೆಗೆ ಮೊಬೈಲಿನಲ್ಲಿ ತೆಗೆದಿಟ್ಟಿರಿ. ಹಳೇ ಡೈಯ ಕೊನೆಯ ಒಳ್ಳೆ ಪೀಸಿನಿಂದ ಹೊಸ ಡೈಯ ಮೊದಲ ಒಳ್ಳೆ ಪೀಸಿನ ತನಕ. ಡೈ ಕಟ್ಟಿದ ಕೂಡಲೇ ಗಡಿಯಾರ ನಿಲ್ಲಿಸುವವರು ತಮಗೆ ತಾವೇ ಸುಳ್ಳು ಹೇಳಿಕೊಳ್ಳುತ್ತಾರೆ. ಶಾಪಿನ ನಕ್ಷೆ ಬರೆದು, ಹೆಲ್ಪರ್ ನಡೆದ ದಾರಿಯನ್ನು ಪೆನ್ಸಿಲ್‌ನಲ್ಲಿ ಗೀಚಿ. ಆ ಗೀಚು ನೋಡಿದ ಮೇಲೆ ಯಾರಿಗೂ ಭಾಷಣ ಬೇಕಾಗುವುದಿಲ್ಲ. ಡೈ ಟ್ರಾಲಿ ಬೇಕಾಗುತ್ತದೆ ಅಂತ ಈಗಲೇ ಹೇಳುತ್ತೇನೆ. ನಿಮ್ಮ ಗಲ್ಲಿಯ ಫ್ಯಾಬ್ರಿಕೇಶನ್ ಶೆಡ್ಡಿನವನಿಗೆ ಶನಿವಾರ, ಭಾನುವಾರ ರಾತ್ರಿ ಕೆಲಸ ಇರುತ್ತದೆ ಅಂತ ಹೇಳಿಟ್ಟಿರಿ. ಟ್ರಾಲಿಯ ಎತ್ತರ ಪ್ರೆಸ್ಸಿನ ಬೆಡ್ಡಿನ (ಡೈ ಕೂರುವ ಮೇಜು) ಎತ್ತರಕ್ಕೆ ಸರಿಯಾಗಿರಲಿ.

ಭೋಸರಿ ಪ್ರೆಸ್‌ಶಾಪ್
ಬೆಡ್ ಎತ್ತರ ಅಳೆದೆ ಸರ್. ಒಂದು ತೊಂದರೆ. ನೆಲ ಒಂದು ಕಡೆ ಇಳಿಜಾರು, ಟ್ರಾಲಿ ಸರಿಯಾಗಿ ಕೂರುವುದಿಲ್ಲ. ಭಾರದ ಡೈ ಜಾರಿದರೆ?

ನಿಗಡಿ ಟೂಲ್‌ರೂಮ್
ಚಕ್ರಕ್ಕೆ ಬ್ರೇಕ್ ಇದ್ದರೆ ಸಾಲದು. ನೆಲಕ್ಕೆ ಊರುವ ಸ್ಕ್ರೂ ಜ್ಯಾಕ್ ನಾಲ್ಕು ಮೂಲೆಗೂ ಹಾಕಿಸಿ, ಬೆಡ್ಡಿಗೆ ಕಚ್ಚಿಕೊಳ್ಳುವ ಕೊಂಡಿಯೂ ಇರಲಿ. ಅತಿ ಭಾರದ ಎರಡು ಮೂರು ಡೈಗೆ ಈ ಸಲ ಕ್ರೇನೇ ಇರಲಿ, ಅವನ್ನು ಕಾರ್ಯಾಗಾರದಿಂದ ಹೊರಗಿಡಿ. ಡೈಗಳ ತೂಕದ ಪಟ್ಟಿ ಇದ್ದರೆ ಇಲ್ಲಿ ಹಾಕಿ, ಯಾವುದನ್ನು ಬಿಡಬೇಕು ಅಂತ ನೋಡಿ ಹೇಳುತ್ತೇನೆ.